ಹಳೇ ಫೋನು ಯಾರಿಗೆ?

ನನಗೊಂದು ಚಟ ಇದೆ. ಸಂಜೆ ಕೆಲಸ ಮುಗಿಸಿ, ಜೀವನ್ ಬಿಮಾ ನಗರದ ಮನೆಯಿಂದ ವಾಕಿಂಗ್ ಅಂತ ಹೊರಟವನು ಇಂದಿರಾನಗರದ ನೂರಡಿ ರಸ್ತೆ ತಲುಪಿದ್ದೇ ಯಾವುದಾದರೊಂದು ಗ್ಯಾಜೆಟ್ ಅಂಗಡಿಯೊಳಗೆ ಹೊಕ್ಕುಬಿಡ್ತೀನಿ. ಕೊಳ್ಳೋಕೇನಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಒಂದೇ ಬೆರಳಿಗೆ ಏಳುತ್ತಾ ಅಂತ ನೋಡೋದು, ಕೀಬೋರ್ಡಿನ ಮೇಲೆ ಸುಮ್ಮನೆ ನಾಲ್ಕು ಸಾಲು ಕುಟ್ಟೋದು, ಮಡಚೋ ಫೋನನ್ನು ಹತ್ತು ಸಲ ಮಡಚಿ ಬಿಚ್ಚಿ ವಾಪಸ್ ಇಡೋದು. ಅಂಗಡಿ ಹುಡುಗರಿಗೆ ನನ್ನ ಮುಖ ಪರಿಚಯ ಆಗಿಹೋಗಿದೆ. ಈಗೀಗ 'ಹೇಳಿ ಸಾರ್' ಅಂತ ಹತ್ತಿರಾನೂ ಬರಲ್ಲ.

ಅಭಿಪ್ರಾಯಗಳಿಗೂ ಬರವಿಲ್ಲ. ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರಿಗಿಂತ ಕೀಬೋರ್ಡ್ ಮುಖ್ಯ, ದಿನಕ್ಕೆ ಎಂಟು ಗಂಟೆ ನಮ್ಮ ಬೆರಳು ಇರೋದು ಅಲ್ಲಿ. 8 ಜಿಬಿ ರ‍್ಯಾಮ್ ಸಾಕು ಅನ್ನೋವ್ರು ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟವರಲ್ಲ. ಮಡಚೋ ಫೋನು ಶಾಮಿಯಾನದವರ ಮಡಚೋ ಕುರ್ಚಿ ಇದ್ದ ಹಾಗೆ, ಮಡಚೋದೇ ಅದರ ಗುಣ, ಕೂರೋ ಸುಖ ಬೇರೆ ಮಾತು. ಸೈನ್ಸ್ ಫಿಕ್ಷನ್ ಹುಚ್ಚೂ ಇದೆ. ಬಿಇ ಓದುವಾಗ ಹಾಸ್ಟೆಲಿನಲ್ಲಿ 1968ರ '2001: ಎ ಸ್ಪೇಸ್ ಒಡಿಸ್ಸಿ' ನೋಡ್ತಾ, ಅದರಲ್ಲಿನ ಕಂಪ್ಯೂಟರಿನ ಮೇಲೆ ಎಚ್‌ಎಎಲ್ ಅಂತ ಬರೆದಿರೋದು ಕಂಡು, ನಮ್ಮ ಹಿಂದೂಸ್ತಾನ್ ಏರೋನಾಟಿಕ್ಸ್‌ನವರೇ ಮಾಡಿಕೊಟ್ಟಿರಬೇಕು ಅಂತ ಎರಡು ನಿಮಿಷ ನಂಬಿದ್ದೆ. ಈಗ ಆ ಎಚ್‌ಎಎಲ್‌ನ ಪಕ್ಕದಲ್ಲೇ ಮನೆ. ದಿನಾ ತಾರಸಿ ಮೇಲೆ ಅವರ ಸದ್ದು ಕೇಳುತ್ತೆ.

ಇಷ್ಟು ಪೀಠಿಕೆ ಯಾಕಂದ್ರೆ, ಈ ಚಟಕ್ಕೆ ನಾನು ಕಟ್ಟಿಕೊಂಡಿದ್ದ ಒಂದು ನೆಪದ ಬಗ್ಗೆ ಹೇಳಬೇಕಿತ್ತು.

ಎರಡು ವರ್ಷಕ್ಕೊಮ್ಮೆ ಫೋನ್ ಬದಲಿಸುವಾಗ ಹೆಂಡತಿ 'ಇರೋದಕ್ಕೇನಾಗಿದೆ ಈಗ?' ಅಂತ ಕೇಳೇ ಕೇಳ್ತಾಳೆ. ನನ್ನ ಉತ್ತರ ಸಿದ್ಧವಾಗಿರುತ್ತೆ. 'ಇದು ಊರಲ್ಲಿ ಯಾರಿಗಾದ್ರೂ ಆಗುತ್ತೆ.' ಒಂದು ತಂಗಿಗಾಯ್ತು, ಒಂದು ಭಾವಮೈದುನನಿಗಾಯ್ತು, ಒಂದು ಅಮ್ಮನಿಗೆ. ಈ ಮಾತಿನ ಶಕ್ತಿ ನೋಡಿ. ದುಂದು ಅನ್ನಿಸಬೇಕಾದದ್ದು ದಾನ ಅನ್ನಿಸಿಕೊಳ್ಳುತ್ತೆ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ನಾನು ನನಗೋಸ್ಕರ ಏನೋ ಕೊಳ್ಳುತ್ತಿದ್ದೀನಿ ಅನ್ನಿಸೋದೇ ಇಲ್ಲ, ಅಮ್ಮನಿಗೆ ಫೋನ್ ಕೊಡಿಸುತ್ತಿದ್ದೀನಿ ಅನ್ನಿಸುತ್ತೆ.

ನಮ್ಮೂರು ತಿಪಟೂರಿನ ಹತ್ತಿರ. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ಅಪ್ಪ ಜಾಣ, ಕೀಪ್ಯಾಡ್ ಫೋನು ಬಿಟ್ಟು ಬೇರೇದು ಮುಟ್ಟಲ್ಲ. ಹಾಗಾಗಿ ಮನೆಯ ಡಿಜಿಟಲ್ ಇಂಡಿಯಾ ಎಲ್ಲ ಅಮ್ಮನ ಮೇಲೆ. ಕೊಬ್ಬರಿ ರೇಟು ನೋಡೋದು, ಕರೆಂಟ್ ಬಿಲ್ಲು, ಮೊಮ್ಮಗಳ ಜೊತೆ ವಿಡಿಯೊ ಕಾಲು, ಜೊತೆಗೆ ಬೆಳೆ ಸಮೀಕ್ಷೆ. ಇದರ ಬಗ್ಗೆ ಗೊತ್ತಿಲ್ಲದವರಿಗೆ ಹೇಳ್ತೀನಿ: 2020ರಿಂದ ರೈತರೇ ತಮ್ಮ ಬೆಳೆಯ ವಿವರ ದಾಖಲಿಸಲಿ ಅಂತ ರಾಜ್ಯ ಸರ್ಕಾರ ಒಂದು ಆ್ಯಪ್ ತಂದಿದೆ. ಹೊಲಕ್ಕೆ ಹೋಗಿ, ಆ ಸರ್ವೆ ನಂಬರಿನ ಗಡಿಯೊಳಗೆ ನಿಂತು, ಬೆಳೆಯ ಫೋಟೊ ತೆಗೆದು ಕಳಿಸಬೇಕು. ಬೆಳೆ ವಿಮೆಗೆ, ಬೆಳೆಹಾನಿ ಪರಿಹಾರಕ್ಕೆ, ಬೆಂಬಲ ಬೆಲೆಗೆ ಈ ಮಾಹಿತಿ ಬೇಕಾಗುತ್ತೆ. ನನ್ನ ಮಟ್ಟಿಗೆ ಒಳ್ಳೇ ಯೋಜನೆ. ಕೈಯಲ್ಲಿರೋ ಫೋನು ಸರಿಯಾಗಿದ್ರೆ ಹತ್ತು ನಿಮಿಷದ ಕೆಲಸ.

ಹೋದ ಮುಂಗಾರಿನಲ್ಲಿ ಅಮ್ಮ ಅಪ್ಪನ ಕೀಪ್ಯಾಡ್ ಫೋನಿಂದ ಫೋನ್ ಮಾಡಿದ್ರು. ಇನ್ನೊಂದು ಕೈಯಲ್ಲಿ ನಾನು ಕೊಟ್ಟ ಫೋನು. ನಾನು ಮೀಟಿಂಗಿನಲ್ಲಿದ್ದವನು ಮ್ಯೂಟ್ ಮಾಡಿ, 'ಮೇಲೆ ಬಲಗಡೆ ಒತ್ತಮ್ಮ, ಈಗ ಏನು ಬಂತು?' ಅಂತ ಅರ್ಧ ಗಂಟೆ ಹೇಳಿಕೊಟ್ಟೆ. ಸುತ್ತುತ್ತಾ ಇದೆ ಅನ್ನೋದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಕೊನೆಗೆ ನನಗೇ ಸಿಟ್ಟು ಬಂತು. 'ನೀನು ಎಲ್ಲೋ ತಪ್ಪು ಒತ್ತುತಾ ಇದೀಯ' ಅಂದೆ. ಅಮ್ಮ ಸುಮ್ಮನಾದ್ರು. ಆಮೇಲೆ ಪಕ್ಕದ ಮನೆ ಹುಡುಗ ತನ್ನ ಹನ್ನೊಂದು ಸಾವಿರದ ಫೋನಿನಲ್ಲಿ ಮುಗಿಸಿಕೊಟ್ಟನಂತೆ.

ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಆ ಫೋನು ಕೈಗೆ ತಗೊಂಡೆ. ಒಂದು ಕಾಲಕ್ಕೆ ನನ್ನದೇ, ಎಪ್ಪತ್ತು ಸಾವಿರ ಕೊಟ್ಟದ್ದು. ನಾನು ಎರಡು ವರ್ಷ ಬಳಸಿ, ಆ್ಯಪ್ ಟೆಸ್ಟಿಂಗಿಗೆ ಇರಲಿ ಅಂತ ಇನ್ನೊಂದು ವರ್ಷ ಡ್ರಾಯರಿನಲ್ಲಿಟ್ಟು, ಆಮೇಲೆ ಊರಿಗೆ ಒಯ್ದಿದ್ದೆ. ಅಮ್ಮನ ಕೈಯಲ್ಲಿ ಮೂರು ವರ್ಷ ಆಗಿದೆ. ಒಂದು ಅಕ್ಷರ ಒತ್ತಿದರೆ ಅದು ಮೂಡೋಕೆ ಒಂದು ಕ್ಷಣ ಹಿಡಿಯುತ್ತೆ. ಅಷ್ಟರಲ್ಲಿ ಯಾರಾದ್ರೂ ಇನ್ನೊಂದು ಸಲ ಒತ್ತೇ ಒತ್ತುತಾರೆ, ಎರಡು ಅಕ್ಷರ ಬೀಳುತ್ತೆ. ಬ್ಯಾಟರಿ ನಲವತ್ತು ಪರ್ಸೆಂಟಿನಿಂದ ನೇರ ಸೊನ್ನೆಗೆ ಬೀಳುತ್ತೆ. ತೋಟಕ್ಕೆ ಹೋಗಿ ಜಿಪಿಎಸ್ ಹಾಕಿ ನಿಂತೆ. ನಾನೆಲ್ಲಿದ್ದೀನಿ ಅಂತ ಅದಕ್ಕೆ ಗೊತ್ತಾಗೋಕೆ ಹನ್ನೊಂದು ನಿಮಿಷ ಬೇಕಾಯ್ತು. ಈ ಕಾಯುವಿಕೆಯನ್ನು ಅಮ್ಮ ಜುಲೈ ತಿಂಗಳ ಜಡಿಮಳೆಯಲ್ಲಿ, ಸೆರಗಿನ ಕೆಳಗೆ ಫೋನಿಟ್ಟುಕೊಂಡು ಮಾಡಿದ್ದಾರೆ.

'ಇದು ಹಿಂಗಿದೆ ಅಂತ ಹೇಳಬಾರದೇನಮ್ಮ?' ಅಂದೆ.

'ಫೋನೇನೋ ಚೆನ್ನಾಗೇ ಐತೆ ಕಣಪ್ಪ. ನಂಗೇ ಒತ್ತಕ್ ಬರಲ್ಲ. ತೆಂಗಿನ್‌ಕಾಯಿ ಸುಲ್ದು ಸುಲ್ದು ಬೆರಳು ಒರಟಾಗೋಗವೆ, ಅದಕ್ ತಿಳಿಯಲ್ಲ.'

ಫೋನಿನ ತಪ್ಪನ್ನು ಅಮ್ಮ ಮೂರು ವರ್ಷದಿಂದ ತನ್ನ ಬೆರಳಿನ ಮೇಲೆ ಹಾಕಿಕೊಂಡು ಬಂದಿದ್ದಾರೆ. ಯಾಕಂದ್ರೆ ಅದು ಮಗ ಕೊಟ್ಟದ್ದು, ಎಪ್ಪತ್ತು ಸಾವಿರದ್ದು, ಕೆಟ್ಟದ್ದಿರೋಕೆ ಸಾಧ್ಯವೇ ಇಲ್ಲ. ತಪ್ಪು ಒತ್ತುತ್ತಿದ್ದೀಯ ಅಂತ ನಾನೂ ಸೇರಿಸಿ ಹೇಳಿದ್ದೆನಲ್ಲ.

ಅವತ್ತಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ಹಳೇದನ್ನ ಕೊಡೋದರಲ್ಲಿ ತಪ್ಪೇನಿದೆ? ನಾವೆಲ್ಲ ಹಳೇದರಲ್ಲೇ ಬೆಳೆದವರಲ್ಲವಾ? ಚಿಕ್ಕಪ್ಪನ ಮಗನ ಚಡ್ಡಿ ನನಗೆ ಬರ್ತಿತ್ತು. ಹೈಸ್ಕೂಲಿನ ಪಠ್ಯಪುಸ್ತಕ ಹಿಂದಿನ ವರ್ಷದವರಿಂದ ಅರ್ಧ ಬೆಲೆಗೆ. ನಿಜ ಹೇಳಬೇಕಂದ್ರೆ ಆ ಪುಸ್ತಕಗಳು ಹೊಸದಕ್ಕಿಂತ ಚೆನ್ನಾಗಿದ್ದವು, ಮುಖ್ಯವಾದ ಉತ್ತರಗಳಿಗೆಲ್ಲ ಆಗಲೇ ಗೆರೆ ಎಳೆದಿರ್ತಿತ್ತು. ದೋಸೆಗೆ ಹಳೇ ಕಾವಲಿಯೇ ಆಗಬೇಕು, ಹೊಸ ಕಾವಲಿ ಕೊಟ್ಟು ಹೊಸ ಸೊಸೆಯ ಮರ್ಯಾದೆ ತೆಗೆಯೋದನ್ನ ಎಲ್ಲರೂ ನೋಡಿದ್ದೀವಿ. ನಾನು ಮೊದಲ ಸಲ ನೇಗಿಲು ಹಿಡಿದಾಗ ಅಪ್ಪ ಮನೆಯ ಹಳೇ ಜೋಡಿಯನ್ನೇ ಕಟ್ಟಿಕೊಟ್ಟಿದ್ರು. ಸಾಲಿನ ಕೊನೇಲಿ ಎಲ್ಲಿ ತಿರುಗಬೇಕು ಅಂತ ನನಗೆ ಗೊತ್ತಿರಲಿಲ್ಲ, ಎತ್ತಿಗೆ ಗೊತ್ತಿತ್ತು. ಕಲಿಯೋನ ಕೈಗೆ ಪಳಗಿದ ಎತ್ತು ಕೊಡೋದು ನಮ್ಮ ಕಡೆ ಸಾಮಾನ್ಯ ಜ್ಞಾನ.

ಗ್ಯಾಜೆಟ್ಟುಗಳಲ್ಲಿ ಇದು ತಲೆಕೆಳಗಾಗುತ್ತೆ. ಎತ್ತಿಗೆ ವಯಸ್ಸಾದಷ್ಟೂ ಅದು ಕಲಿತಿರುತ್ತೆ. ಫೋನಿಗೆ ವಯಸ್ಸಾದಷ್ಟೂ ಅದರ ಮೇಲಿನವನು ಹೆಚ್ಚು ಕಲಿತಿರಬೇಕಾಗುತ್ತೆ. ಸ್ಟೋರೇಜ್ ತುಂಬಿದಾಗ ಏನು ಅಳಿಸಬೇಕು, ಆ್ಯಪ್ ನಿಂತಾಗ ಕ್ಯಾಶ್ ತೆಗೆಯೋದು ಹೇಗೆ, ಯಾವ ಹಳೇ ವರ್ಶನ್ ಇದರಲ್ಲಿ ಓಡುತ್ತೆ, ಇದೆಲ್ಲ ನನಗೆ ಗೊತ್ತು. ನನಗೆ ಅದು ಭಾನುವಾರದ ಮಜಾ. ನನ್ನ 2016ರ ಲ್ಯಾಪ್‌ಟಾಪಿಗೆ ಎಸ್.ಪಿ. ರೋಡಿನಿಂದ ಎಸ್‌ಎಸ್‌ಡಿ ತಂದು ಹಾಕಿ, ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡಿದ್ದೀನಿ, ಇವತ್ತಿಗೂ ಓಡ್ತಿದೆ. ಆದ್ರೆ ಅದೇ ಲ್ಯಾಪ್‌ಟಾಪನ್ನು ಲಿನಕ್ಸ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಕೊಟ್ಟರೆ ಅದು ಕೊಡುಗೆಯಲ್ಲ, ಹೋಂವರ್ಕು.

ಇನ್ನೂ ನಾಚಿಕೆಯ ವಿಷಯ ಒಂದಿದೆ. ಆ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ ನಿಂತು ಎರಡು ವರ್ಷ ಆಗಿತ್ತು. ಅಂಥ ಮೆಷಿನ್ನನ್ನು ನಮ್ಮ ಆಫೀಸಿನ ನೆಟ್‌ವರ್ಕಿಗೆ ಸೇರಿಸೋಕೆ ನಾನೇ ಬಿಡಲ್ಲ, ಅದು ನನ್ನ ಕೆಲಸದ ಭಾಗ. ಅಮ್ಮನ ಪಿಎಂ ಕಿಸಾನ್ ದುಡ್ಡು ಬೀಳೋ ಖಾತೆಯ ಯುಪಿಐ ಮಾತ್ರ ಅದರಲ್ಲೇ ಇತ್ತು. ಹಾಕಿಕೊಟ್ಟವನೂ ನಾನೇ.

ಸೈನ್ಸ್ ಫಿಕ್ಷನ್ನಿನಲ್ಲಿ ಎರಡನೇ ಕೈ ಗ್ಯಾಜೆಟ್ ಕಾಣೋದು ಅಪರೂಪ. ಅಲ್ಲಿ ಎಲ್ಲವೂ ಹೊಳೀತಾ ಇರುತ್ತೆ. ನನಗೆ ನೆನಪಾಗೋ ದೊಡ್ಡ ಅಪವಾದ 1977ರ 'ಸ್ಟಾರ್ ವಾರ್ಸ್'. ಅದರಲ್ಲಿ ಲ್ಯೂಕ್‌ನ ಮನೆಯವರು ಮರುಭೂಮಿಯಲ್ಲಿ ಗಾಳಿಯಿಂದ ನೀರು ತೆಗೆಯೋ ರೈತರು. ಗುಜರಿ ವ್ಯಾಪಾರಿಗಳ ದೊಡ್ಡ ಬಂಡಿ ಮನೆ ಮುಂದೆ ಬಂದು ನಿಂತಾಗ ಚಿಕ್ಕಪ್ಪ ಹಳೇ ರೋಬೊಗಳನ್ನು ಚೌಕಾಸಿ ಮಾಡಿ ಕೊಳ್ತಾನೆ. ಆರಿಸಿದ ಕೆಂಪು ರೋಬೊ ನಾಲ್ಕು ಹೆಜ್ಜೆ ಹೋಗೋದರೊಳಗೆ ತಲೆ ಸಿಡಿದು ಹೊಗೆ ಬರುತ್ತೆ. ಎಸ್.ಪಿ. ರೋಡಿನಲ್ಲಿ ಇಂಥದ್ದು ಕಂಡವನಿಗೆ ಆ ದೃಶ್ಯ ಕಲ್ಪನೆ ಅನ್ನಿಸೋದೇ ಇಲ್ಲ. ಆದ್ರೆ ಗಮನಿಸಿ, ಆ ಚಿಕ್ಕಪ್ಪ ತಕ್ಷಣ ಜಗಳಕ್ಕೆ ನಿಲ್ತಾನೆ, ಕೆಟ್ಟದ್ದನ್ನು ಕೊಟ್ಟು ಬೇರೇದು ತಗೊಳ್ತಾನೆ. ದುಡ್ಡು ಕೊಟ್ಟು ಕೊಂಡವನಿಗೆ ಜಗಳದ ಹಕ್ಕಿದೆ. ಮಗ ಪ್ರೀತಿಯಿಂದ ಕೊಟ್ಟದ್ದಕ್ಕೆ ಅಮ್ಮ ಯಾರ ಹತ್ತಿರ ಜಗಳ ಆಡಬೇಕು?

ಹಳ್ಳಿಯವರಿಗೆ ಉಳಿದದ್ದನ್ನು ಕೊಡೋದಲ್ಲ, ಮೊದಲಿಗೇ ಅವರಿಗಾಗಿ ಮಾಡಬೇಕು ಅಂತ ಹೊರಟ ಒಂದು ಯಂತ್ರ ನಮ್ಮ ಬೆಂಗಳೂರಿನಲ್ಲೇ ಹುಟ್ಟಿತ್ತು. ಸಿಂಪ್ಯೂಟರ್. ಈಗಿನ ಹುಡುಗರಿಗೆ ಹೆಸರೂ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್ ಮುಂತಾದವರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ್ದು. 2001ರ ಏಪ್ರಿಲಿನಲ್ಲಿ ಮೊದಲ ಮಾದರಿ ತೋರಿಸಿದರು. ಅಂಗೈಯಗಲದ ಕಂಪ್ಯೂಟರು, ಒಳಗೆ ಲಿನಕ್ಸ್, ಬೆಲೆ ಒಂಬತ್ತು ಸಾವಿರದ ಆಸುಪಾಸಿನಲ್ಲಿರಬೇಕು ಅನ್ನೋದು ಗುರಿ. ಓದು ಬಾರದವರಿಗೆ ನಮ್ಮ ಭಾಷೆಗಳಲ್ಲಿ ಓದಿ ಹೇಳೋ ವ್ಯವಸ್ಥೆ. ನನಗೆ ಇವತ್ತಿಗೂ ಬೆರಗು ಹುಟ್ಟಿಸೋದು ಅದರ ಸ್ಮಾರ್ಟ್ ಕಾರ್ಡ್. ಒಬ್ಬೊಬ್ಬರೂ ಒಂದೊಂದು ಕೊಳ್ಳೋಕಾಗಲ್ಲ ಅಂತ ಗೊತ್ತಿದ್ದೇ, ಊರಿಗೆ ಒಂದು ಯಂತ್ರ ಇರಲಿ, ಪ್ರತಿಯೊಬ್ಬರ ಹತ್ತಿರ ಅವರವರ ಕಾರ್ಡ್ ಇರಲಿ ಅಂತ ಯೋಚಿಸಿದ್ದರು. ಕಾರ್ಡ್ ಹಾಕಿದಾಗ ಅದು ನಿಮ್ಮ ಕಂಪ್ಯೂಟರು, ತೆಗೆದರೆ ಮುಂದಿನವರದು. ಆ ವರ್ಷದ ಕೊನೆಯಲ್ಲಿ ಅಮೆರಿಕದ ಸೈನ್ಸ್ ಫಿಕ್ಷನ್ ಲೇಖಕ ಬ್ರೂಸ್ ಸ್ಟರ್ಲಿಂಗ್, 2001ರ ದೊಡ್ಡ ಕಂಪ್ಯೂಟರ್ ಆವಿಷ್ಕಾರ ಆ್ಯಪಲ್‌ನ ಲ್ಯಾಪ್‌ಟಾಪೂ ಅಲ್ಲ, ವಿಂಡೋಸ್ ಎಕ್ಸ್‌ಪಿಯೂ ಅಲ್ಲ, ಈ ಸಿಂಪ್ಯೂಟರು ಅಂತ ನ್ಯೂಯಾರ್ಕ್ ಟೈಮ್ಸ್ ಮ್ಯಾಗಜೀನಿನಲ್ಲಿ ಬರೆದ.

ಮುಂದಿನದು ಬೇಗ ಹೇಳಿಬಿಡ್ತೀನಿ. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು, ಕೈ ಅಲ್ಲಾಡಿಸಿದರೆ ಪುಟ ತಿರುಗುತ್ತಿತ್ತು, ಐಫೋನ್ ಬರೋಕೆ ಇನ್ನೂ ಮೂರು ವರ್ಷ ಇತ್ತು. ಮಾರಾಟವಾದದ್ದು ಕೆಲವೇ ಸಾವಿರ. ದೊಡ್ಡ ಆರ್ಡರುಗಳು ಬರಲಿಲ್ಲ, ಅಷ್ಟರಲ್ಲಿ ಅಗ್ಗದ ಮೊಬೈಲುಗಳು ಬಂದುಬಿಟ್ಟವು. ಎಂಟನೇ ಸೆಮಿಸ್ಟರಿನ ಸೆಮಿನಾರಿಗೆ ನಾನು ಇದನ್ನೇ ಆರಿಸಿಕೊಂಡಿದ್ದೆ. 'ಸೋತ ಪ್ರಾಡಕ್ಟ್ ಬಗ್ಗೆ ಯಾಕಪ್ಪಾ?' ಅಂದರು ಮೇಷ್ಟ್ರು. ಉತ್ತರ ಹೊಳೆಯದೆ ಮುಂದಿನ ಸ್ಲೈಡಿಗೆ ಹೋಗಿದ್ದೆ. ಸೋತದ್ದು ನಿಜ. ಆದರೆ ಅದನ್ನು ಮಾಡಿದವರು ಮೊದಲ ದಿನವೇ ನಮ್ಮಮ್ಮನಂಥವರನ್ನು ಎದುರಿಗೆ ಕೂರಿಸಿಕೊಂಡು ಯೋಚಿಸಿದ್ದರು. ನಾನು ಅಮ್ಮನ ಬಗ್ಗೆ ಯೋಚಿಸಿದ್ದು ಡ್ರಾಯರ್ ತುಂಬಿದ ಮೇಲೆ.

ಆಫೀಸಿನಲ್ಲಿ ಇದನ್ನೆಲ್ಲ ಹೇಳಿದಾಗ ಗೆಳೆಯನೊಬ್ಬ ಒಪ್ಪಲಿಲ್ಲ. 'ನೀನು ಕೊಡದಿದ್ರೆ ಅದು ಇ-ತ್ಯಾಜ್ಯ ಆಗ್ತಿತ್ತು. ಒಂದು ಫೋನು ಎರಡು ವರ್ಷ ಜಾಸ್ತಿ ಬಾಳಿದ್ರೆ ಭೂಮಿಗೆ ಒಳ್ಳೇದಲ್ವಾ? ಪಾಪಪ್ರಜ್ಞೆ ಎಲ್ಲ ಓವರ್ ಆಯ್ತು' ಅಂದ. ಅವನ ಮಾತು ತಳ್ಳಿಹಾಕೋ ಹಾಗಿಲ್ಲ. ಫೋನು ತಯಾರಾಗೋ ಹೊತ್ತಿಗೇ ಅದರ ಪಾಲಿನ ಹೊರೆಯಲ್ಲಿ ಬಹುಪಾಲು ಭೂಮಿಯ ಮೇಲೆ ಬಿದ್ದಾಗಿರುತ್ತೆ, ಹೆಚ್ಚು ವರ್ಷ ಬಳಸಿದಷ್ಟೂ ಒಳ್ಳೇದೇ. ಆದರೆ ಹಳೇದು ಬಾಳಬೇಕು ಅನ್ನೋದಾದ್ರೆ ಅದನ್ನು ಬಾಳಿಸೋ ಕಷ್ಟ ಯಾರು ಪಡಬೇಕು? ಪರಿಸರದ ಕಾಳಜಿ ನನ್ನದು, ಜಡಿಮಳೆಯಲ್ಲಿ ಹನ್ನೊಂದು ನಿಮಿಷ ನಿಲ್ಲೋದು ಅಮ್ಮಂದು. ಇದ್ಯಾವ ಲೆಕ್ಕ? ಹಳೇ ಫೋನನ್ನು ರಿಪೇರಿ ಮಾಡಿಕೊಂಡು, ಬ್ಯಾಟರಿ ಬದಲಿಸಿಕೊಂಡು, ಅದರ ಅಪಾಯ ತಿಳಿದುಕೊಂಡು ಬಳಸೋ ಯೋಗ್ಯತೆ ಇರೋನು ನಾನು. ಹೊಸದು ಬೇಕಾಗಿರೋದು ಅಮ್ಮನಿಗೆ. ಗೆಳೆಯ ನಕ್ಕು, 'ಹಂಗಾದ್ರೆ ಹೊಸದು ಅಮ್ಮನಿಗೆ ಕೊಡು, ಹಳೇದು ನೀನಿಟ್ಕೋ' ಅಂದ. ತಮಾಷೆಗೆ ಹೇಳಿದ್ದು ಅವನು.

ಹೇಳಿದಷ್ಟು ಸುಲಭವಾಗಿ ಮಾಡಲಿಲ್ಲ, ಒಪ್ಪಿಕೊಳ್ತೀನಿ. ಮೂರು ಸಂಜೆ ಅಂಗಡಿಗೆ ಹೋಗಿ ಬಂದೆ. ಅಮ್ಮನಿಗೆ ಅಂತ ನೋಡುವಾಗ ಕೈ ತಾನಾಗಿ ಹದಿನೈದು ಸಾವಿರದ ಕಪಾಟಿನ ಕಡೆ ಹೋಗ್ತಿತ್ತು. ನನಗೆ ಅಂತ ನೋಡುವಾಗ ಯಾವತ್ತೂ ಆ ಕಡೆ ತಿರುಗಿದವನಲ್ಲ. ಕೊನೆಗೆ ಈ ವರ್ಷ ನಾನು ಕೊಳ್ಳಬೇಕು ಅಂದುಕೊಂಡಿದ್ದನ್ನೇ ಕೊಂಡೆ, ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಿರೋದು. ಬಿಲ್ಲು ಹಾಕೋ ಹುಡುಗ ಬೆರಗಾಗಿ 'ಸಾರ್, ನಿಜವಾಗ್ಲೂ?' ಅಂದ.

ದೀಪಾವಳಿಗೆ ಒಯ್ದೆ. ಅಮ್ಮ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಸೆರಗಲ್ಲಿ ಒರೆಸಿ ನನಗೇ ವಾಪಸ್ ಕೊಟ್ರು. 'ನೀನು ಆಫೀಸಿಗೆ ಹೋಗೋನು, ಇದು ನಿಂಗಿರ್ಲಿ. ನಿಂದು ಹಳೇದಾದ್ಮೇಲೆ ನಂಗ್ ಕೊಡು.' ನಾನು ಬೇಡ ಅಂದೆ. ಅಪ್ಪ ಜಗಲಿಯಿಂದ 'ಇಸ್ಕೊಳೆ, ಕೊಡ್ತಾವ್ನೆ' ಅಂದ್ರು. ಹಾಗಾದ್ರೆ ಬೀರುವಿನಲ್ಲಿಡ್ತೀನಿ, ಹಬ್ಬ ಮದುವೆಗೆ ತೆಗೀತೀನಿ ಅಂದ್ರು ಅಮ್ಮ. ಅರ್ಧ ಗಂಟೆ ಇದೇ ಆಯ್ತು. ಕೊನೆಗೆ ಹೊಸದರಲ್ಲಿ ಬೆಳೆ ಸಮೀಕ್ಷೆ ಆ್ಯಪ್ ಹಾಕಿ, ತೋಟಕ್ಕೆ ಕರ್ಕೊಂಡು ಹೋಗಿ, ಕೈಗೆ ಕೊಟ್ಟೆ. ನಕ್ಷೆಯ ಮೇಲೆ ನೀಲಿ ಚುಕ್ಕೆ ತಕ್ಷಣ ಬಂದು ಕೂತಿತು. ಅಮ್ಮ ಅದನ್ನೇ ನೋಡ್ತಾ ನಿಂತ್ರು. ಆಮೇಲೆ ತಮ್ಮ ಬೆರಳುಗಳನ್ನು ಒಂದ್ಸಲ ನೋಡಿಕೊಂಡ್ರು.

ಸಿಮ್ ಬದಲಿಸೋಣ ಅಂದ್ರೆ ಟ್ರೇ ತೆಗೆಯೋ ಪಿನ್ನು ಡಬ್ಬದಲ್ಲಿತ್ತು, ಡಬ್ಬ ಜೀವನ್ ಬಿಮಾ ನಗರದಲ್ಲಿ ಉಳಿದಿತ್ತು. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ರು.