ಕೊರಿಯರ್‌ನಲ್ಲಿ ಬಾರದ್ದು

ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ ದೊಡ್ಡಪ್ಪ ಹೊಟ್ಟೆ ಮೇಲೆ ಚೀಲ ಹಾಕಿಸಿಕೊಂಡು ಊರಿಗೆ ಬಂದರು. ನಾನು ಬೆಂಗಳೂರಲ್ಲಿ ಕೂತು ವಾಟ್ಸಾಪ್ ಗ್ರೂಪ್ ಮಾಡಿದೆ, ತಿಂಗಳು ತಿಂಗಳು ಚೀಲ ಕೊರಿಯರ್ ಮಾಡಿದೆ, ಎಕ್ಸೆಲ್‌ನಲ್ಲಿ ಲೆಕ್ಕ ಇಟ್ಟೆ. ಎಲ್ಲಾ ಸರಿಯಾಗಿದೆ ಅಂದ್ಕೊಂಡೆ.

ನಾಲ್ಕು ತಿಂಗಳಾದ ಮೇಲೆ ಹಬ್ಬಕ್ಕೆ ಹೋದರೆ ದೊಡ್ಡಪ್ಪ ಅರ್ಧಕ್ಕರ್ಧ ಇಳಿದುಹೋಗಿದ್ದರು. ಚೀಲ ತುಂಬಬಾರದು, ವಾಸನೆ ಬರಬಾರದು ಅಂತ ಊಟವನ್ನೇ ಬಿಟ್ಟಿದ್ದರು. ಜಗಲಿಗೂ ಬರ್ತಿರಲಿಲ್ಲ. ಚೀಲದ ಸುತ್ತ ಚರ್ಮ ಸುಟ್ಟ ಹಾಗಿತ್ತು. ಸ್ಟೋಮಾ ನರ್ಸ್ ಒಬ್ಬರಿಗೆ ವಿಡಿಯೋ ಕಾಲ್ ಮಾಡಿದೆ. 'ತೂತು ದೊಡ್ಡದಾಗಿ ಕತ್ತರಿಸ್ತಿದ್ದೀರಿ. ಸ್ಟೋಮಾ ಅಳೆದು ಒಂದೆರಡು ಮಿಲಿಮೀಟರ್ ಮಾತ್ರ ಜಾಸ್ತಿ ಬಿಡಿ' ಅಂದರು. ಅಷ್ಟೇ. ಚೀಲ ಊರಿಗೆ ತಲುಪಿತ್ತು, ಈ ಮಾತು ತಲುಪಿರಲಿಲ್ಲ.

1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸರ್ಜನ್ ರೂಪರ್ಟ್ ಟರ್ನ್‌ಬುಲ್, ಇಂಥವರಿಗೆ ಕಲಿಸಲು ನಾರ್ಮಾ ಗಿಲ್ ಎಂಬಾಕೆಯನ್ನು ನೇಮಿಸಿದರು. ಆಕೆ ನರ್ಸ್ ಅಲ್ಲ, ತಾನೂ ಚೀಲ ಹಾಕಿಕೊಂಡಿದ್ದ ರೋಗಿ. ಪ್ರಾಣ ಉಳಿಸಿದರಷ್ಟೇ ಸಾಲದು ಅಂತ ಆ ಸರ್ಜನ್‌ಗೆ ಗೊತ್ತಿತ್ತು. ಹಾಗಾದರೆ ಉಳಿದ ಜೀವ ಮರ್ಯಾದೆಯಿಂದ ಬದುಕೋ ಹಾಗೆ ನೋಡಿಕೊಳ್ಳೋದು ಯಾರ ಹೊಣೆ? ಆಸ್ಪತ್ರೆಯದ್ದು ಅನ್ನಬಹುದು. ಆದರೆ ದುಡ್ಡು ಕಳಿಸಿದ ನನ್ನ ಹೊಣೆ ಅಲ್ಲಿಗೆ ಮುಗಿಯಿತಾ?

'ಇವತ್ತು ನೀನೇ ಬದಲಿಸು ನೋಡಾಣ' ಅಂದರು ದೊಡ್ಡಮ್ಮ. ದೊಡ್ಡಪ್ಪ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಎಲ್ಲಾ ಮುಗಿದ ಮೇಲೆ ಮೆಲ್ಲಗೆ ಕೇಳಿದರು: 'ಅಸಹ್ಯ ಆಯ್ತೇನೋ?'

ಆಗಿತ್ತು. 'ಇಲ್ಲ ದೊಡ್ಡಪ್ಪ' ಅಂದೆ. ಮೂರನೇ ಸಲ ಬದಲಿಸುವಷ್ಟರಲ್ಲಿ ಅದು ನಿಜವೇ ಆಗಿತ್ತು.