ಬದು ದಾಟುವ ಎಣ್ಣೆ

2013ರಲ್ಲಿ ಚೆನ್ನೈನ ತೊಂಡಿಯಾರ್‌ಪೇಟೆಯಲ್ಲಿ ಮನೆಗಳ ಬೋರ್‌ವೆಲ್ಲಿನಿಂದ ನೀರಿನ ಜೊತೆ ಎಣ್ಣೆ ಬಂತು. ನೆಲದಡಿಯ ತೈಲ ಕೊಳವೆ ಸೋರಿತ್ತು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕೊಳವೆ ಯಾರದೋ, ಕೆಟ್ಟ ನೀರು ಇನ್ಯಾರದೋ.

ಅದು ಕಡಲದಂಡೆಯ ಮರಳು, ನಮ್ಮದು ಎರೆ ಮಣ್ಣು, ನಮಗೇನು ಎಂದುಕೊಳ್ಳುವಂತಿಲ್ಲ. ಇಂಡಿ, ಸಿಂದಗಿ, ಬಸವನ ಬಾಗೇವಾಡಿಯ ರಸ್ತೆ ಬದಿಗಳಲ್ಲೂ ಟ್ರ್ಯಾಕ್ಟರ್ ಕೆಳಗೆ ಬೋಲ್ಟ್ ಬಿಚ್ಚಿ ಇಳಿಸಿದ ಸುಟ್ಟ ಆಯಿಲನ್ನು ಬೇಲಿ ಪಕ್ಕ ಚೆಲ್ಲುವುದುಂಟು. ಅರೆಗಳಿಗೆಯಲ್ಲಿ ಅದು ಕಣ್ಮರೆ. ಚೆಲ್ಲಿದವನ ಮನಸ್ಸೂ ಹಗುರ.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಎರೆ ಮಣ್ಣಿನ ಕಣ ಬಹಳ ಸಣ್ಣದು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿದ ಎರೆ ಎಣ್ಣೆಯನ್ನು ಸುಲಭಕ್ಕೆ ಇಳಿಯಗೊಡದು, ಮೇಲೆಯೇ ಹಿಡಿದಿಡುತ್ತದೆ. ಗಾಳಿಯಾಡದ ಆ ಮಣ್ಣಿನಲ್ಲಿ ಎಣ್ಣೆ ತಿಂದು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನ. ಅದೇ ಹೊಲ ಏಪ್ರಿಲ್-ಮೇನಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಆಗ ಸುರಿದದ್ದು ಬಿರುಕಿನ ಗುಂಟ ನೇರ ಗರಸಿಗೆ, ಅಲ್ಲಿಂದ ಕರಿಕಲ್ಲಿನ ಸೀಳುಗಳಿಗೆ ಇಳಿಯುತ್ತದೆ. ನಮ್ಮ ಬಾವಿಗಳಿಗೆ ಸೆಲೆ ಬರುವುದೂ ಅದೇ ಸೀಳುಗಳಿಂದ. ಮುದ್ದೇಬಿಹಾಳದ ಕಡೆ ಸಿಗುವ ಮಸಾರಿ ಮಣ್ಣಿನಲ್ಲಿ ಕಣಗಳ ನಡುವೆ ಸಂದು ದೊಡ್ಡದು. ತೆಳುವಾದ ಡೀಸೆಲ್ ಅಲ್ಲಿ ಬೇಗ ಇಳಿದು, ನೀರಿಗಿಂತ ಹಗುರವಾದ್ದರಿಂದ ಅಂತರ್ಜಲದ ಮೇಲೆ ತೇಲುತ್ತ ನೀರು ಹರಿಯುವ ದಿಕ್ಕಿಗೆ ಸಾಗುತ್ತದೆ. ಹಾದಿಯುದ್ದಕ್ಕೂ ಕಣಗಳಿಗೆ ಅಂಟಿ ಉಳಿದದ್ದನ್ನು ಪ್ರತಿ ಮಳೆಯೂ ಅಷ್ಟಷ್ಟು ತೊಳೆದು ಕೆಳಗೆ ಒಯ್ಯುತ್ತದೆ.

ಇಲ್ಲಿರುವುದು ಮಣ್ಣಿನ ಪ್ರಶ್ನೆಯಷ್ಟೇ ಅಲ್ಲ, ನಡತೆಯ ಪ್ರಶ್ನೆ ಕೂಡ. ಮಸಾರಿಯಲ್ಲಿ ಚೆಲ್ಲಿದ್ದನ್ನು ತಗ್ಗಿನ ಹೊಲದ ನೆರೆಯವನು ಉಣ್ಣುತ್ತಾನೆ. ಎರೆಯಲ್ಲಿ ಚೆಲ್ಲಿದ್ದು ನಮ್ಮ ಮಕ್ಕಳ ಪಾಲಿಗೆ ಉಳಿಯುತ್ತದೆ. ಬದುವಿಗೆ ಬೆಲೆ ಕೊಡುವವರು ನಾವು. ಒಂದು ಗೇಣು ಒತ್ತುವರಿಯಾದರೆ ಕೋರ್ಟಿಗೆ ಹೋಗುತ್ತೇವೆ. ನೆಲದಡಿ ನೆರೆಯವನ ಬಾವಿಗೆ ನುಗ್ಗುವ ಎಣ್ಣೆಯೂ ಒತ್ತುವರಿಯೇ. ಕಣ್ಣಿಗೆ ಕಾಣದು ಎಂಬ ಕಾರಣಕ್ಕೆ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಸುಟ್ಟ ಆಯಿಲ್ ಅಪಾಯಕಾರಿ ತ್ಯಾಜ್ಯ. ಅದನ್ನು ಅನುಮತಿ ಪಡೆದ ಮರುಬಳಕೆದಾರರಿಗೇ ಕೊಡಬೇಕು. ಗ್ಯಾರೇಜಿನವರು ಒಂದು ಮುಚ್ಚಳದ ಡ್ರಮ್ ಇಡಲಿ, ರೈತರು ಪಂಪ್‌ಸೆಟ್ ಕೆಳಗೆ ಒಂದು ತಗಡಿನ ತಟ್ಟೆ ಇಡಲಿ. ಬಾವಿ ಕೆಟ್ಟ ಮೇಲೆ ಖರ್ಚು ಮಾಡುವುದಕ್ಕಿಂತ ಇದು ಅಗ್ಗ, ನೆರೆಯವರಿಗೆ ನಾವು ಸಲ್ಲಿಸಬೇಕಾದ ನ್ಯಾಯವೂ ಇದೇ.