ಕೂಲಿಗೆ ಬಂದವನು ಏನು ಮಾರುತ್ತಾನೆ?

ತಾಂಡೂರಿನ ಕೂಲಿ ಅಡ್ಡಾದಲ್ಲಿ ಬೆಳಿಗ್ಗೆ ಏಳಕ್ಕೆ ನಿಂತರೆ ಒಂದೇ ಮಾತುಕತೆ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಕಿವಿಗೆ ಬೀಳುತ್ತದೆ. ಬುತ್ತಿ ಡಬ್ಬಿ ಹಿಡಿದವನು "ಎಷ್ಟ್ ಕೊಡ್ತೀರಣ್ಣಾ?" ಅನ್ನುತ್ತಾನೆ. ಬೈಕಿನ ಮೇಲಿದ್ದವನು ಗಾಡಿ ಬಂದ್ ಮಾಡದೆಯೇ "ನಡಿ, ಕೆಲ್ಸ ನೋಡಿ ಕೊಡೂನು" ಅನ್ನುತ್ತಾನೆ. ಡಬ್ಬಿಯವನು ಒಂದು ಗಳಿಗೆ ತಡೆದು, ಹಿಂದೆ ಹತ್ತಿ ಕೂರುತ್ತಾನೆ. ಸಂಜೆಯ ಜಗಳ ಹುಟ್ಟುವುದು ಅಲ್ಲೇ. ಇಸ್ಲಾಮಿನ ನ್ಯಾಯಶಾಸ್ತ್ರವಾದ ಫಿಕ್ಹ್ ಸಾವಿರದಿನ್ನೂರು ವರ್ಷಗಳಿಂದ ಈ ಗಳಿಗೆಯ ಮೇಲೆ ಕಣ್ಣಿಟ್ಟು ಕೂತಿದೆ. ಕೂಲಿ, ಬಾಡಿಗೆ, ಸೇವೆ ಎಲ್ಲವನ್ನೂ ಒಳಗೊಂಡ ಆ ಕರಾರಿಗೆ ಅದು ಇಟ್ಟ ಹೆಸರು ಇಜಾರಾ.

1956ರ ನವೆಂಬರ್ 1ರವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು, ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯಲ್ಲಿದ್ದವು. ಈ ಸೀಮೆಯ ಕನ್ನಡದಲ್ಲಿ ಇಜಾರಾದ ಶಬ್ದಕೋಶ ಮೊದಲೇ ಬೆರೆತುಹೋಗಿದೆ. ಹಮಾಲ, ಮುಕಾದಮ, ಕಿರಾಯಿ, ಮೂರೂ ಅರಬ್ಬಿಯಿಂದ ಬಂದವು. ಸಂತೆಗೆ ಟಂಟಂ ಕಿರಾಯಿ ಮಾಡುವ ರೈತ ಯಾವ ಧರ್ಮದವನಾದರೂ ಫಿಕ್ಹ್ ಗ್ರಂಥಗಳ ಮಾತನ್ನೇ ಆಡುತ್ತಿರುತ್ತಾನೆ. ಹಾಗಾಗಿ ಈ ವಿಚಾರ ಮಸೀದಿಯ ಪಕ್ಕದ ಓಣಿಗೆ ಮಾತ್ರ ಸೇರಿದ್ದೆಂದು ನನಗೆ ಯಾವತ್ತೂ ಅನಿಸಿಲ್ಲ.

ಎಮ್ಮೆ ಮಾರಿದರೆ ಎಮ್ಮೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ಕೂಲಿಗೆ ಬಂದವನು ಏನನ್ನು ಕೊಡುತ್ತಾನೆ? ತನ್ನನ್ನಂತೂ ಅಲ್ಲ; ಸ್ವತಂತ್ರ ಮನುಷ್ಯ ಯಾರ ಸೊತ್ತೂ ಅಲ್ಲ, ಅವನನ್ನು ಮಾರಲು ಬರುವುದಿಲ್ಲ. ಅವನಿಂದ ಆಗುವ ಉಪಯೋಗ ಮಾತ್ರ ಮಾರಾಟವಾಗುತ್ತದೆ. ಅರಬ್ಬಿಯಲ್ಲಿ ಅದು ಮನ್ಫಅತ್. ತೊಡಕು ಇರುವುದು ಇಲ್ಲಿ. ಬೆಳಿಗ್ಗೆ ಏಳು ಗಂಟೆಗೆ ಆ ದಿನದ ದುಡಿಮೆ ಇನ್ನೂ ಹುಟ್ಟಿಯೇ ಇಲ್ಲ, ಇಲ್ಲದ ವಸ್ತುವನ್ನು ಮಾರಬಾರದೆಂಬುದು ಫಿಕ್ಹಿನ ಸಾಮಾನ್ಯ ನಿಯಮ. ದಖ್ಖನಿನ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದ ಪಂಡಿತರು ಇದನ್ನು ಮುಚ್ಚಿಡಲಿಲ್ಲ. ತರ್ಕ ಹಿಡಿದು ಹೋದರೆ ಇಜಾರಾ ನಿಲ್ಲುವುದಿಲ್ಲ, ಆದರೆ ಅದಿಲ್ಲದೆ ಜನರ ಬದುಕು ನಡೆಯುವುದಿಲ್ಲ, ಪ್ರವಾದಿಯವರೂ ಒಪ್ಪಿದ್ದಾರೆ, ಆದ್ದರಿಂದ ಇದು ಸಲ್ಲುವ ಅಪವಾದ ಎಂದರು. ದುಡಿಮೆ ಗಳಿಗೆ ಗಳಿಗೆಗೆ ಹುಟ್ಟುವಂತೆ ಕರಾರೂ ಗಳಿಗೆ ಗಳಿಗೆಗೆ ಹೊಸದಾಗುತ್ತದೆ ಎಂಬುದು ಅವರು ಕಂಡುಕೊಂಡ ದಾರಿ. ಶಾಫಿ ಪಂಡಿತರು ಮಾತ್ರ, ಒಪ್ಪಂದದ ಹೊತ್ತಿಗೇ ಇಡೀ ಉಪಯೋಗ ಇದೆಯೆಂದು ಭಾವಿಸಬೇಕು ಎಂದರು.

ಎಮ್ಮೆಯಾದರೆ ಕೆಚ್ಚಲು ಮುಟ್ಟಿ ನೋಡಬಹುದು. ಇನ್ನೂ ಮಾಡದ ದುಡಿಮೆಯನ್ನು ಮಾತಿನಲ್ಲಷ್ಟೇ ನೋಡಲು ಸಾಧ್ಯ. ಅದಕ್ಕೇ ಯಾವ ಕೆಲಸ, ಎಷ್ಟು ಹೊತ್ತು, ಎಷ್ಟು ಕೂಲಿ ಎಂಬುದು ಮೊದಲೇ ಬಾಯಿಬಿಟ್ಟು ಹೇಳಿರಬೇಕು. "ನೋಡಿ ಕೊಡೂನು" ಎಂದರೆ ಕರಾರು ಕೆಟ್ಟಂತೆ, ಫಾಸಿದ್. ಹಾಗಂತ ದುಡಿದವನು ಬರಿಗೈಯಲ್ಲಿ ಹೋಗುವುದಿಲ್ಲ. ಆ ಊರಲ್ಲಿ ಆ ಕೆಲಸಕ್ಕೆ ನಡೆಯುವ ಕೂಲಿ, ಅಜ್ರೆ ಮಿಸ್ಲ್, ಅವನಿಗೆ ಸಲ್ಲಲೇಬೇಕು.

ದುಡಿಯುವವರಲ್ಲಿ ಎರಡು ಬಗೆ. ತಾಂಡೂರಿನ ಹಾಸುಗಲ್ಲಿನ ಪಾಲಿಶ್ ಮಷೀನಿಗೆ ದಿನಗೂಲಿಯಾಗಿ ಬಂದವನು ಒಬ್ಬನಿಗೇ ದುಡಿಯುವ ಆಳು. ಅವನು ಮಾರಿದ್ದು ಹೊತ್ತನ್ನು. ಕರೆಂಟು ಹೋಗಿ ಮಷೀನು ನಿಂತರೂ, ಕೆಲಸಕ್ಕೆ ತಯಾರಾಗಿ ಅಲ್ಲೇ ಕೂತಿದ್ದರೆ ಅವನ ಪಗಾರ ಹಿಡಿಯುವಂತಿಲ್ಲ. ಚೀಲಕ್ಕಿಷ್ಟು ಎಂದು ತೊಗರಿ ಹೊರುವ ಹಮಾಲ, ಅಂಗಿ ಹೊಲಿಯುವ ದರ್ಜಿ, ಇವರು ಹತ್ತು ಜನಕ್ಕೆ ದುಡಿಯುವವರು. ಇವರು ಮಾರಿದ್ದು ಕೆಲಸವನ್ನು, ಅದು ಮುಗಿಯಬೇಕು. ದರ್ಜಿಯ ಕೈಯಲ್ಲಿದ್ದ ಬಟ್ಟೆ ಕಳುವಾದರೆ ನಷ್ಟ ಯಾರದು? ಅಬೂ ಹನೀಫಾ ಅದನ್ನು ನಂಬಿ ಒಪ್ಪಿಸಿದ ವಸ್ತುವೆಂದರು, ಅವನ ಕೈಯಿಂದಲೇ ಕೆಡದ ಹೊರತು ದರ್ಜಿ ತೆರಬೇಕಿಲ್ಲ. ಅವರ ಇಬ್ಬರು ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಒಪ್ಪಲಿಲ್ಲ. ಬೆಂಕಿಯಂಥ ತಪ್ಪಿಸಲಾಗದ ಆಪತ್ತು ಬಿಟ್ಟರೆ ದರ್ಜಿಯೇ ಹೊಣೆ ಎಂದರು.

ನನ್ನನ್ನು ಬಹಳ ದಿನ ಕಾಡಿದ್ದು ಬೀಸುವವನ ಕೂಲಿಯ ಪ್ರಶ್ನೆ. ಗಿರಣಿಯವನು ಜೋಳ ಬೀಸಿ ಅದೇ ಹಿಟ್ಟಿನಲ್ಲಿ ಒಂದು ಪಾಲು ಕೂಲಿಯಾಗಿ ಹಿಡಿದುಕೊಳ್ಳಬಹುದೇ? ರಾಶಿ ಮಾಡಿದವರಿಗೆ ಅದೇ ರಾಶಿಯ ಕಾಳನ್ನು ಪಾಲು ಹಾಕಬಹುದೇ? ನಮ್ಮ ಕಡೆ ಸುಗ್ಗಿಯಲ್ಲಿ ಕಾಳಿನ ಕೂಲಿ ತಲೆಮಾರುಗಳಿಂದ ನಡೆದುಬಂದದ್ದು, ಹೆಂಗಸರು ಮೊರದಲ್ಲಿ ತೂರಿದ ಕಾಳನ್ನೇ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದರು. ಹನಫಿಗಳು ಇದಕ್ಕೆ ಕೂಡದು ಎಂದರು. ಮೊದಲು ನನಗೆ ಇದು ಬರೀ ಕೂದಲು ಸೀಳುವ ವಾದವಾಗಿ ಕಂಡಿತ್ತು. ಆಮೇಲೆ ಅರ್ಥವಾಯಿತು: ಕರಾರಿನ ಹೊತ್ತಿಗೆ ಆ ಹಿಟ್ಟು ಧಣಿಯ ಹತ್ತಿರ ಇಲ್ಲ, ಅವನು ಕೊಡುತ್ತಿರುವುದು ಕೂಲಿಯವನ ದುಡಿಮೆಯಿಂದಲೇ ಹುಟ್ಟುವುದನ್ನು. ಹುಳ ಬಿದ್ದು ತೊಗರಿ ಜೊಳ್ಳಾದರೆ ಕೂಲಿಯೂ ಜೊಳ್ಳು. ಹೊಲದವನ ನಷ್ಟ ಹೊಲವಿಲ್ಲದವಳ ಸೆರಗಿಗೆ ಬೀಳುತ್ತದೆ. ಪರಿಹಾರ ಸರಳವಾಗಿದೆ: "ಈ ರಾಶಿಯಲ್ಲಿ" ಅನ್ನದೆ "ಇಷ್ಟು ಸೇರು ಒಳ್ಳೆ ಕಾಳು" ಅಂದರೆ ಸಾಕು, ಎಲ್ಲಿಂದಲಾದರೂ ತಂದು ಕೊಡುವ ಹೊಣೆ ಧಣಿಯದಾಗುತ್ತದೆ. ಬಲ್ಖ್ ನಗರದ ಕೆಲವು ಹನಫಿ ಪಂಡಿತರು ಮಾತ್ರ ತಮ್ಮೂರ ನೇಕಾರರ ರೂಢಿ ನೋಡಿ, ನೇಯ್ದದ್ದರಲ್ಲೇ ಪಾಲು ಕೊಡಬಹುದೆಂದರು. ರೂಢಿಗೆ ನನ್ನ ಗೌರವವಿದೆ, ಆದರೂ ಈ ವಿಷಯದಲ್ಲಿ ನಾನು ಹಳೆಯ ನಿಯಮದ ಕಡೆ.

ಕೆಲಸವೂ ಒಪ್ಪಿತವಾದದ್ದೇ ಆಗಿರಬೇಕು. ಕಣಿ ಹೇಳಿ ಗಳಿಸಿದ ಹಣ ಸಲ್ಲದು. ಕುರ್‌ಆನ್ ಕಲಿಸುವುದಕ್ಕೆ ಸಂಬಳ ಪಡೆಯಬಾರದೆಂದು ಹಿಂದಿನ ಹನಫಿಗಳು ಹೇಳಿದ್ದರು. ಕಲಿಸುವವರೇ ಇಲ್ಲದಂತಾದೀತೆಂದು ಮುಂದಿನವರು ಒಪ್ಪಿದರು. ಧರ್ಮ ಬೇರೆಯೆಂಬುದು ಕರಾರಿಗೆ ಅಡ್ಡಿಯಲ್ಲ: ಪ್ರವಾದಿಯವರು ಮಕ್ಕಾದಿಂದ ಮದೀನಾಕ್ಕೆ ಹೊರಟಾಗ ದಾರಿ ತೋರಿಸಲು ಕೂಲಿಗೆ ಕರೆದುಕೊಂಡ ಅಬ್ದುಲ್ಲಾ ಇಬ್ನ್ ಉರೈಕಿತ್ ಮುಸ್ಲಿಮನಾಗಿರಲಿಲ್ಲ. ಪ್ರವಾದಿಯವರೂ ಹರೆಯದಲ್ಲಿ ಮಕ್ಕಾದವರ ಕುರಿಗಳನ್ನು ಕೂಲಿಗೆ ಕಾದವರು.

ಇಜಾರಾ ತೀರ ಕೆಡುವುದು ಸಾಲ ಅದರೊಳಗೆ ನುಗ್ಗಿದಾಗ. ನಿಜಾಮರ ಕಾಲದಲ್ಲಿ ಸಾಲಕ್ಕೆ ಸಿಕ್ಕಿ ಧಣಿಯ ಮನೆಯಲ್ಲಿ ವರ್ಷಗಟ್ಟಲೆ ದುಡಿಯುವವನನ್ನು ಭಗೇಲಾ ಎನ್ನುತ್ತಿದ್ದರು. ಅದಕ್ಕೆ ಕಡಿವಾಣ ಹಾಕಲು ಹೈದರಾಬಾದ್ ಸರ್ಕಾರ 1936ರಲ್ಲಿ ಕಾನೂನು ತಂದಿತು, 1976ರ ಕೇಂದ್ರ ಕಾಯ್ದೆ ಜೀತವನ್ನೇ ರದ್ದು ಮಾಡಿತು. ಕೂಲಿಯನ್ನು ಮುಂಗಡವಾಗಿ ಕೊಡುವುದು ಫಿಕ್ಹಿಗೆ ಒಪ್ಪಿಗೆಯೇ. ಆದರೆ ಸಾಲ ಕೊಟ್ಟು, ಆ ಸಾಲದ ಬಲದಿಂದ ಕಡಿಮೆ ಕೂಲಿಗೆ ದುಡಿಸಿಕೊಂಡರೆ ಅದು ಲಾಭ ಎಳೆದುಕೊಳ್ಳುವ ಸಾಲ, ಅಂದರೆ ಬಡ್ಡಿ. ಹಾಗೆ ದುಡಿಸಿಕೊಂಡವನು ಬಡ್ಡಿ ಎಂಬ ಮಾತನ್ನು ಬಾಯಲ್ಲಿ ಆಡದಿದ್ದರೂ ಅಷ್ಟೇ.

ನಾರಾಯಣಖೇಡ ಕಡೆಯ ತಾಂಡಾಗಳಿಂದ ಗಂಡ ಹೆಂಡತಿ ಜೋಡಿಯಾಗಿ ಕಬ್ಬು ಕಡಿಯಲು ಹೊರಡುತ್ತಾರೆ. ಮುಂಗಡ ಕೊಡುವವನು ಮುಕಾದಮ. ಒಮ್ಮೆ ಅಂಥ ಒಬ್ಬರ ಲೆಕ್ಕದ ವಹಿ ನೋಡಿದೆ. ಜೋಡಿಯ ಹೆಸರು, ಮುಂಗಡದ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ, ಕೆಳಗೆ ಎರಡು ಹೆಬ್ಬೆಟ್ಟು. ಟನ್ನಿಗೆ ಎಷ್ಟು ಎಂಬ ಜಾಗ ಮಾತ್ರ ಖಾಲಿ ಇತ್ತು. ಕೇಳಿದ್ದಕ್ಕೆ, "ಅದು ಫ್ಯಾಕ್ಟರಿ ಚಾಲೂ ಆದ್ಮ್ಯಾಗ ಬರೀತೀವ್ರಿ" ಎಂದು ವಹಿ ಮುಚ್ಚಿದರು.